ಸಹಾಯ ಬೇಕು: ನುಣ್ಣಗೆ ಅರೆದ ಫೆಲ್ಡ್‌ಸ್ಪಾರ್ ಪುಡಿಗೆ ಹಳೇ ಡೇಟಾ ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ. ನಾನು ಒಂದು ಮಿನರಲ್ ಪೌಡರ್ ಘಟಕದಲ್ಲಿ ಸೇಫ್ಟಿ ನೋಡಿಕೊಳ್ಳುತ್ತೇನೆ. ನಮ್ಮ ಫೆಲ್ಡ್‌ಸ್ಪಾರ್ (ಪಿಂಗಾಣಿ, ಗಾಜಿಗೆ ಬಳಸುವ ಖನಿಜ) ಪುಡಿ ಯುರೋಪಿಗೆ ಹೋಗುತ್ತದೆ. ಈಗ ಅದನ್ನು ಇನ್ನೂ ನುಣ್ಣಗೆ ಅರೆಯುತ್ತಿದ್ದೇವೆ. ಈ ಧೂಳು ಉಸಿರಲ್ಲಿ ಹೋದರೆ ಏನಾಗುತ್ತೆ, ಪ್ರಾಣಿಗಳ ಮೇಲೆ ಹೊಸ ಪರೀಕ್ಷೆ ಮಾಡದೆ ತೋರಿಸಿ ಅಂತ ಗ್ರಾಹಕರು ಕೇಳಿದ್ದಾರೆ. ಸರಿಯೇ, ಅಲ್ಲಿನ ರೀಚ್ (REACH) ಎಂಬ ರಾಸಾಯನಿಕ ಸುರಕ್ಷತಾ ಕಾನೂನಿನಲ್ಲೂ ಪ್ರಾಣಿ ಪರೀಕ್ಷೆ ಕೊನೆಯ ದಾರಿ.

ಎಕ್ಸ್‌ಆರ್‌ಡಿ (ಎಕ್ಸ್-ರೇಯಿಂದ ಖನಿಜಗಳ ಪ್ರಮಾಣ ಅಳೆಯುವ ಪರೀಕ್ಷೆ) ಮಾಡಿಸಿದೆ, ಕ್ವಾರ್ಟ್ಜ್ (ಶ್ವಾಸಕೋಶಕ್ಕೆ ಹಾನಿ ಮಾಡುವ ಸಿಲಿಕಾ) 6% ಬಂತು. ನಮ್ಮ 1948ರ ಫ್ಯಾಕ್ಟರಿ ಕಾಯ್ದೆಯಲ್ಲಿದ್ದ ಸೂತ್ರ, ಅಂದರೆ 10 ಭಾಗಿಸು (ಕ್ವಾರ್ಟ್ಜ್ ಶೇಕಡಾ + 2), ಹಾಕಿದರೆ ಶ್ವಾಸಕೋಶದ ಆಳಕ್ಕೆ ಹೋಗುವ ಧೂಳಿನ ಮಿತಿ ಘನ ಮೀಟರ್ ಗಾಳಿಗೆ 1.25 ಮಿ.ಗ್ರಾಂ. ಶ್ವಾಸಕೋಶದ ದ್ರವದಂಥ ದ್ರಾವಣದಲ್ಲಿ ಕರಗಿಸಿಯೂ ನೋಡಿಸಿದೆ. ಏನೂ ಕರಗಲಿಲ್ಲ ಅನ್ನಬಹುದು. ಅಂದರೆ ಒಳಗೆ ಹೋದದ್ದು ಕರಗಿ ಹೋಗಲ್ಲ, ಅಲ್ವಾ?

ಸಿಕ್ಕಿಕೊಂಡಿರುವುದು ಇಲ್ಲಿ. ದಪ್ಪ ಪುಡಿಯ ಹಳೇ ಡೇಟಾವನ್ನೇ ಇದಕ್ಕೂ ಅನ್ವಯಿಸೋಣ ಅಂತಾರೆ ಮ್ಯಾನೇಜರ್. ಆದರೆ ಹೊಸದಾಗಿ ಒಡೆದ ಕ್ವಾರ್ಟ್ಜ್ ಮೇಲ್ಮೈ ಜಾಸ್ತಿ ಚುರುಕು, ಶ್ವಾಸಕೋಶದ ಆಳಕ್ಕೆ ಹೋಗಬಲ್ಲ, 4 ಮೈಕ್ರಾನ್‌ಗಿಂತ ಸಣ್ಣ ಕಣವೂ ಈಗ ಹೆಚ್ಚು. ಸುಮ್ನೆ ಸಹಿ ಹಾಕಲು ಮನಸ್ಸಿಲ್ಲ.

ಮ್ಯಾಕ್ರೋಫೇಜ್ (ಶ್ವಾಸಕೋಶದಲ್ಲಿ ಧೂಳನ್ನು ನುಂಗುವ) ಜೀವಕೋಶಗಳ ಮೇಲೆ ಎರಡೂ ಪುಡಿಗಳನ್ನು ಶುದ್ಧ ಕ್ವಾರ್ಟ್ಜ್ ಜೊತೆ ಹೋಲಿಸಿದರೆ ಹಳೇ ಡೇಟಾ ಬಳಸಲು ಅಷ್ಟು ಸಾಕಾ? ಸಾಲದಿದ್ದರೆ ಇನ್ನಾವ ಪರೀಕ್ಷೆ ಸೇರಿಸಬೇಕು?