ಸೋಗಾನೆ ಜೈಲಿಗೆ ಕ್ರಿಸ್‌ಮಸ್ ಭೇಟಿ: ಅನುಮತಿ ಹೇಗೆ, ಆಮೇಲೆ ಏನು?

ತೀರ್ಥಹಳ್ಳಿ ಕಡೆಯವ:
ನಮ್ಮ ಚರ್ಚಿನ ಯುವಕರು ಈ ಡಿಸೆಂಬರಿನಲ್ಲಿ ಶಿವಮೊಗ್ಗ ಹತ್ತಿರದ ಸೋಗಾನೆಯ ಕೇಂದ್ರ ಕಾರಾಗೃಹಕ್ಕೆ ಹೋಗಬೇಕೆಂದಿದ್ದೇವೆ. ಕೇಕು, ನಾಲ್ಕು ಹಾಡು, ಒಂದು ಪ್ರಾರ್ಥನೆ, ಸದ್ಯಕ್ಕೆ ಇಷ್ಟೇ ಯೋಚನೆ. ಅನುಮತಿ ಹೇಗೆ ಕೇಳಬೇಕು? ಒಂದು ದಿನ ಹಾಡಿ ಬಂದರೆ ಒಳಗಿರುವವರ ಬದುಕಿನಲ್ಲಿ ಏನಾದರೂ ಬದಲಾಗುತ್ತದಾ? ಬಿಡುಗಡೆಯಾದವರಿಗೆ ನಾವು ಏನು ಮಾಡಬಹುದು? ತಿಳಿದವರು ಬಿಡಿಸಿ ಹೇಳಿ.

ತುಂಗಾತೀರ:
ಸೂಪರಿಂಟೆಂಡೆಂಟ್ ಹೆಸರಿಗೆ ಲಿಖಿತ ಅರ್ಜಿ ಕೊಡಿ, ಮೂರ್ನಾಲ್ಕು ವಾರ ಮೊದಲೇ. ಫಾದರ್ ಕೊಟ್ಟ ಪತ್ರ, ಬರುವವರ ಹೆಸರು, ಆಧಾರ್ ಪ್ರತಿ, ದಿನ, ಹೊತ್ತು, ಒಯ್ಯುವ ಸಾಮಾನಿನ ಪಟ್ಟಿ ಎಲ್ಲ ಜೊತೆಗಿರಲಿ. ಗಿಟಾರ್ ಇದ್ದರೆ ಅದನ್ನೂ ಪಟ್ಟಿಯಲ್ಲಿ ಬರೆಯಿರಿ. ಇಪ್ಪತ್ತು ಜನ ಬೇಡ, ಐದಾರು ಸಾಕು. ಮೊಬೈಲು, ಪರ್ಸು ಹೊರಗೇ ಬಿಡಿ. ತಿಂಡಿ ಒಯ್ಯಬಹುದಾ ಅಂತ ಮೊದಲೇ ಕೇಳಿಕೊಳ್ಳಿ. ಪುಸ್ತಕ ಕೊಡುವುದಾದರೆ ಪಿನ್ನು, ಸ್ಪೈರಲ್ ತಂತಿ ಇಲ್ಲದ್ದು.

ಹೆಚ್ಚಾಗಿ ಕೆಲಸ ಕೆಡುವುದು ಒಂದು ಚೀಟಿಯಿಂದ. "ಇದನ್ನು ನಮ್ಮ ಮನೆಗೆ ತಲುಪಿಸಿ ಅಣ್ಣ" ಅಂತ ಕೈಗೆ ತುರುಕುತ್ತಾರೆ. ಕರುಣೆಯಿಂದ ತಂದುಬಿಟ್ಟರೆ ನಿಮ್ಮ ಅನುಮತಿಯೂ ಹೋಗುತ್ತದೆ, ಮುಂದೆ ಬರುವವರ ದಾರಿಯೂ ಮುಚ್ಚುತ್ತದೆ. ಜೈಲರ್ ಮೂಲಕವೇ ಬರಲಿ ಅನ್ನಿ. ಯಾರನ್ನೂ "ಏನು ಮಾಡಿ ಬಂದಿರಿ?" ಅಂತ ಕೇಳಬೇಡಿ. ಕೂತವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ, ಆದ್ದರಿಂದ ಮತ ಬದಲಿಸುವ ಮಾತು ಎತ್ತಲೇಬೇಡಿ. ಪ್ರಾರ್ಥನೆ ಕೇಳಿದವರಿಗೆ ಮಾತ್ರ ಪ್ರಾರ್ಥನೆ.

ಓದುವುದಕ್ಕೆ ಬೈಬಲಿನಲ್ಲಿ ಫಿಲೆಮೋನನಿಗೆ ಬರೆದ ಪತ್ರ ಆರಿಸಿಕೊಳ್ಳಿ. ಇಪ್ಪತ್ತೈದೇ ವಚನ, ಸೆರೆಯಲ್ಲಿ ಕೂತು ಪೌಲ ಬರೆದದ್ದು. ಒನೇಸಿಮ ಫಿಲೆಮೋನನ ಮನೆಯಿಂದ ದೂರವಾದ ಗುಲಾಮ. ಅವನು ನಿನಗೇನಾದರೂ ಬಾಕಿಯಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನು ತೀರಿಸುತ್ತೇನೆ ಅಂತ ಸ್ವಂತ ಕೈಯಲ್ಲಿ ಬರೆದುಕೊಡುತ್ತಾನೆ. ಜಾಮೀನು ಅಂದರೇನು ಅಂತ ಒಳಗಿರುವವರಿಗೆ ಯಾರೂ ವಿವರಿಸಬೇಕಿಲ್ಲ.

ಒಂದು ದಿನದ ಹಾಡಿನಿಂದ ಬದುಕು ಬದಲಾಗುವುದಿಲ್ಲ. ಬರುತ್ತೇನೆ ಅಂದ ದಿನ ತಪ್ಪದೆ ಬರುವ ಒಬ್ಬ ಮನುಷ್ಯನಿಂದ ಬದಲಾಗುವ ಸಾಧ್ಯತೆ ಉಂಟು. ತಿಂಗಳಿಗೊಮ್ಮೆ ಆಗುತ್ತದಾ, ಅಷ್ಟಕ್ಕೇ ಒಪ್ಪಿಕೊಳ್ಳಿ. ಕ್ರಿಸ್‌ಮಸ್‌ಗಷ್ಟೇ ನಿಲ್ಲಿಸಬೇಡಿ. ಸೆರೆಯಾಳುಗಳ ಪಾಲಕ ಸಂತ ಕೋಲ್ಬೆಯ ಹಬ್ಬ ಆಗಸ್ಟ್ 14ಕ್ಕೆ ಬರುತ್ತದೆ. ಆಗಲೂ ಹೋಗಿ.

ಕೋರ್ಟ್ ರಸ್ತೆ:
ಒಳಗೆ ಸಿಗುವವರಲ್ಲಿ ಅನೇಕರು ವಿಚಾರಣಾಧೀನ ಕೈದಿಗಳು, ಅವರ ಅಪರಾಧ ಇನ್ನೂ ಸಾಬೀತಾಗಿಲ್ಲ. ಅವರೆದುರು ಪಶ್ಚಾತ್ತಾಪದ ಪ್ರವಚನಕ್ಕಿಂತ ಮೊದಲು ಈ ಮಾಹಿತಿ ತಲುಪಲಿ. ಕಸ್ಟಡಿಯಲ್ಲಿರುವ ಪ್ರತಿಯೊಬ್ಬರಿಗೂ 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಉಚಿತ ವಕೀಲರ ಹಕ್ಕಿದೆ, ಆದಾಯ ಎಷ್ಟೇ ಇರಲಿ. ಮನೆಯವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಲಿ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 479 ಹೇಳುವುದು: ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಒಳಗೆ ಕಳೆದವರಿಗೆ ಜಾಮೀನು, ಮೊದಲ ಸಲದ ಆರೋಪಿಗೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಪ್ರಕರಣಗಳಿಗೂ, ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೂ ಇದು ಅನ್ವಯಿಸದು.

ಜಾಮೀನು ಸಿಕ್ಕೂ ಶ್ಯೂರಿಟಿ, ಅಂದರೆ ಹೊಣೆ ನಿಲ್ಲುವವರು, ಇಲ್ಲದೆ ಒಳಗೇ ಉಳಿಯುವವರಿದ್ದಾರೆ. ದುಡ್ಡು ಕೊಟ್ಟರೆ ಪಹಣಿ ತಂದು ನಿಲ್ಲುವ ಬಾಡಿಗೆ ಜಾಮೀನುದಾರರ ಹತ್ತಿರ ಸುಳಿಯಬೇಡಿ. ದಾಖಲೆ ಖೋಟಾ ಆದರೆ ಎಲ್ಲರ ಮೇಲೂ ಕೇಸು. ಒಂದು ತಿಂಗಳಾದರೂ ಶ್ಯೂರಿಟಿ ಸಿಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟ್ ತಾನಾಗಿಯೇ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಪ್ರಾಧಿಕಾರದ ವಕೀಲರಿಗೆ ಇದನ್ನೇ ನೆನಪಿಸಿ.

ಇನ್ನೊಂದು. ಬೈಬಲಿನ ಸುಂಕದವ ಜಕ್ಕಾಯ, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದ ಭಾಗ ಓದಿ, ಯಾರಾದರೂ ದೂರುದಾರರ ಮನೆಗೇ ಹೋಗಿ ಕ್ಷಮೆ ಕೇಳುತ್ತೇನೆ ಅನ್ನಬಹುದು. ಮನಸ್ಸು ಒಳ್ಳೆಯದೇ. ಆದರೆ ಕೇಸು ನಡೆಯುತ್ತಿರುವಾಗ ಅದು ಸಾಕ್ಷಿಗೆ ಬೆದರಿಕೆ ಅನ್ನಿಸಿ ಜಾಮೀನೇ ರದ್ದಾಗಬಹುದು. ವಕೀಲರನ್ನು ಕೇಳದೆ ಒಂದು ಹೆಜ್ಜೆಯೂ ಬೇಡ.

ಚೊಗರು:
ಹೊರಗೆ ಬಂದ ಮೇಲಿನದ್ದು ನಾನು ಹೇಳುತ್ತೇನೆ. ವರ್ಷಗಟ್ಟಲೆ ಬಳಸದ ಸಿಮ್ ಸತ್ತಿರುತ್ತದೆ. ಆಧಾರ್‌ಗೆ ಅದೇ ನಂಬರ್ ಇದ್ದರೆ ಒಟಿಪಿ ಬಾರದು. ಬ್ಯಾಂಕು, ರೇಷನ್ನು ಎಲ್ಲ ಅಲ್ಲೇ ನಿಲ್ಲುತ್ತದೆ. ಮೊದಲ ವಾರವೇ ಹೊಸ ಸಿಮ್, ಆಮೇಲೆ ಆಧಾರ್ ಕೇಂದ್ರ.

ಕೆಲಸಕ್ಕೆ ಅಡಿಕೆ ಕೊಯ್ಲಿನ ಕಾಲವೇ ಅನುಕೂಲ. ಸುಲಿಯುವ ಕೆಲಸಕ್ಕೆ ಜನ ಸಾಲದೆ ಒದ್ದಾಡುತ್ತಿರುತ್ತಾರೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತಾಗ ಕಣ್ಣು, ಕೈ ಎರಡೂ ಕಾಯಿ ಮೇಲೆ; ಯಾರೂ ಮುಖ ನೋಡಿ ಪ್ರಶ್ನೆ ಕೇಳುವುದಿಲ್ಲ. ಜೈಲಿನಿಂದ ಬಂದವನಿಗೆ ಅದು ದೊಡ್ಡ ಸಮಾಧಾನ. ಅವನು ಒಪ್ಪಿದರೆ ಮನೆಯ ಯಜಮಾನರಿಗೆ ಮಾತ್ರ ವಿಷಯ ಮೊದಲೇ ತಿಳಿಸಿಡಿ. ಆಮೇಲೆ ಬೇರೆಯವರ ಬಾಯಿಂದ ಗೊತ್ತಾದರೆ ಕೆಲಸ ಹೋಗುತ್ತದೆ, ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.

ಮುಂಗಡ ಕೊಡಿಸಬೇಡಿ. ಬಟವಾಡೆ ದಿನದ ಸಂಜೆಯೇ ಜಾರುವ ಹೊತ್ತು, ಹಳೇ ಸ್ನೇಹಿತರು ಹೆಂಡದಂಗಡಿ ಹತ್ತಿರ ಕಾಯುತ್ತಾರೆ. ಆ ಸಂಜೆ ಊಟಕ್ಕೆ ನಿಮ್ಮಲ್ಲೊಬ್ಬರ ಮನೆಗೆ ಕರೆಯಿರಿ, ಮೂರ್ನಾಲ್ಕು ತಿಂಗಳು ಬಿಡದೆ. ಒಮ್ಮೆ ಕುಡಿದು ಬಂದರೂ ಮುಂದಿನ ವಾರದ ಎಲೆ ತಪ್ಪಿಸಬೇಡಿ.

ಚರ್ಚಿನ ವೇದಿಕೆ ಹತ್ತಿಸಿ, ತಾನು ಬದಲಾದ ಕಥೆಯನ್ನು ಸಾಕ್ಷಿಯಾಗಿ ಹೇಳಿಸುವ ಆಸೆಯನ್ನು ಒಂದೆರಡು ವರ್ಷವಾದರೂ ಅದುಮಿಡಿ. ಮೈಕಿನಲ್ಲಿ ಹೇಳಿದ್ದು ಮಾರನೇ ದಿನ ಸಂತೆಗೆ ಬಂದಿರುತ್ತದೆ, ಅವನ ಮಕ್ಕಳು ಶಾಲೆಗೆ ಹೋಗುವುದು ಅದೇ ದಾರಿಯಲ್ಲಿ.