ಚಳಿ ಸಂಜೆಗೆ ಒಂದೇ ಪಾತ್ರೆಯ ಊಟ: ತರಕಾರಿ ಜಾಸ್ತಿ ಇರಬೇಕು, ಹೊಟ್ಟೆಯೂ ತುಂಬಬೇಕು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಚಳಿ ಶುರುವಾಗಿದೆ, ಸಂಜೆ ಬೇಗ ಕತ್ತಲಾಗುತ್ತಿದೆ. ಮನೆಯಲ್ಲಿ ನಾನು, ಹೆಂಡತಿ, ಇಬ್ಬರು ಮಕ್ಕಳು. ರಾತ್ರಿ ಅಡುಗೆ ನನ್ನ ಪಾಲಿನದು. ಒಂದೇ ಪಾತ್ರೆಯಲ್ಲಿ ಮುಗಿಯುವ, ತರಕಾರಿ ತುಂಬಾ ಇರುವ ಬಿಸಿ ಊಟ ಮಾಡಬೇಕು ಅಂತ ಆಸೆ. ಆದರೆ ಕುಂಬಳ ಕರಗಿ ಹೋಗಿರುತ್ತದೆ, ಕ್ಯಾರೆಟ್ ಇನ್ನೂ ಗಟ್ಟಿ ಇರುತ್ತದೆ. ರುಚಿಯೂ ಸಪ್ಪೆ. ಮಲಗುವ ಹೊತ್ತಿಗೆ ಮಕ್ಕಳಿಗೆ ಮತ್ತೆ ಹಸಿವು. ಮಾಂಸ ನಾವು ತಿನ್ನುವುದಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ, ದಯವಿಟ್ಟು ಹೇಳಿ.

ಮೊದಲ ಉತ್ತರ

ತಮ್ಮಾ, ಪಾತ್ರೆ ಒಂದೇ ಇರಲಿ. ಆದರೆ ಎಲ್ಲವನ್ನೂ ಒಂದೇ ಸಲ ಹಾಕಬೇಡಪ್ಪ. ನಿನ್ನ ಕುಂಬಳ ಕರಗುವುದಕ್ಕೂ ಕ್ಯಾರೆಟ್ ಗಟ್ಟಿ ಉಳಿಯುವುದಕ್ಕೂ ಕಾರಣ ಅದೇ. ಒಂದೊಂದು ತರಕಾರಿಗೆ ಒಂದೊಂದು ಹೊತ್ತು ಬೇಕು. ಊಟಕ್ಕೆ ಕೂರುವ ಸಮಯ ಇಟ್ಟುಕೊಂಡು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕು.

ಕ್ಯಾರೆಟ್, ಬೀಟ್‌ರೂಟ್, ಟರ್ನಿಪ್ ಇವೆಲ್ಲ ನಿಧಾನಕ್ಕೆ ಬೇಯುವವು, ಮೊದಲು ಹೋಗಬೇಕು. ಆಮೇಲೆ ಆಲೂಗಡ್ಡೆ, ಸಿಹಿಗೆಣಸು. ಸಿಹಿಕುಂಬಳ ಎರಡು ಸೆಂಟಿಮೀಟರ್ ಹೋಳಾದರೆ 15ರಿಂದ 20 ನಿಮಿಷ ಸಾಕು. ಹೂಕೋಸು, ಬೀನ್ಸ್, ಎಲೆಕೋಸಿಗೆ ಸುಮಾರು 10 ನಿಮಿಷ. ಎಲೆಕೋಸನ್ನು ಅತಿಯಾಗಿ ಬೇಯಿಸಿದರೆ ಗಂಧಕದ ವಾಸನೆ ಬರುತ್ತದೆ, ಆಗ ಮಕ್ಕಳು ಹತ್ತಿರವೂ ಬರುವುದಿಲ್ಲ. ಪಾಲಕ್, ಹಸಿ ಬಟಾಣಿ ಇವು ಕೊನೆಯ ಎರಡು ಮೂರು ನಿಮಿಷಕ್ಕೆ. ಇಷ್ಟೆಲ್ಲ ಲೆಕ್ಕ ಬೇಡ ಅನ್ನಿಸಿದ ದಿನ ಹೋಳಿನ ಗಾತ್ರವನ್ನು ಬದಲಿಸು. ಕ್ಯಾರೆಟ್ ಸಣ್ಣಗೆ, ಕುಂಬಳ ದೊಡ್ಡದಾಗಿ ಹೆಚ್ಚಿದರೆ ಎರಡೂ ಹತ್ತಿರ ಹತ್ತಿರ ಒಂದೇ ಹೊತ್ತಿಗೆ ಬೇಯುತ್ತವೆ.

ಇನ್ನು ಸಪ್ಪೆ ರುಚಿಯ ವಿಷಯ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ತುಂಬಾ ಜನ ಅವಸರ ಮಾಡುವುದು ಇಲ್ಲೇ. ನೀರು ಹಾಕಿದ ಮೇಲೆ ಪಾತ್ರೆಯೊಳಗೆ ಯಾವುದೂ ಕಂದು ಬಣ್ಣಕ್ಕೆ ತಿರುಗುವುದಿಲ್ಲ. ನೀರು 100 ಡಿಗ್ರಿ ದಾಟುವುದಿಲ್ಲ, ಕೆಂಪಗೆ ಹುರಿಯಲು ಅದಕ್ಕಿಂತ ಜಾಸ್ತಿ ಬಿಸಿ ಬೇಕು. ಆದ್ದರಿಂದ ಹುರಿದ ರುಚಿ ಏನಿದ್ದರೂ ನೀರು ಹಾಕುವ ಮುಂಚೆಯೇ ಬರಬೇಕು. ತಳ ದಪ್ಪ ಇರುವ ಪಾತ್ರೆಯಲ್ಲಿ ಎರಡು ಮೂರು ಚಮಚ ಎಣ್ಣೆ ಹಾಕಿ, ಈರುಳ್ಳಿಗೆ ಚಿಟಿಕೆ ಉಪ್ಪು ಹಾಕಿ, 10 ನಿಮಿಷವಾದರೂ ಬಾಡಿಸು. ಉಪ್ಪು ನೀರನ್ನು ಹೊರಗೆ ಎಳೆಯುತ್ತದೆ, ಈರುಳ್ಳಿ ಬೇಗ ಮೆತ್ತಗಾಗುತ್ತದೆ. ಅಣಬೆ ಹಾಕುವುದಾದರೆ ಅದನ್ನೂ ಈಗಲೇ ಹುರಿ. ಅದು ಬಿಡುವ ನೀರು ಪೂರ್ತಿ ಇಂಗಬೇಕು, ಆಮೇಲೆ ಅಂಚು ಕೆಂಪಗಾಗಬೇಕು. ಪಾತ್ರೆಯ ತಳದಲ್ಲಿ ಕಂದು ಪದರ ಕಟ್ಟುತ್ತದಲ್ಲ, ಅದನ್ನು ಸುಮ್ನೆ ಬಿಡಬೇಡ. ಅರ್ಧ ಲೋಟ ಬಿಸಿ ನೀರು ಹಾಕಿ ಮರದ ಸೌಟಿನಲ್ಲಿ ಕೆರೆದು ಬಿಡಿಸು. ಸಾರಿನ ರುಚಿ ಪೂರ್ತಿ ಇರುವುದು ಅದರಲ್ಲೇ. ಆದರೆ ಕಪ್ಪಾಗಿ ಸೀದಿದ್ದರೆ ಬೇಡ, ಕಹಿ ಬರುತ್ತದೆ.

ಎಣ್ಣೆಗೆ ತುಂಬಾ ಜಿಪುಣತನವೂ ಬೇಡ. ಕುಂಬಳ, ಕ್ಯಾರೆಟ್‌ನ ಹಳದಿ ಬಣ್ಣದ ಸತ್ವ ನಮ್ಮ ಮೈಗೆ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಬೇಕೇ ಬೇಕು. ತರಕಾರಿ ಬೇಯಿಸಿದರೆ ಸತ್ವ ನೀರಿಗೆ ಹೋಗುತ್ತದೆ ಅಂತ ಜನ ಹೇಳುತ್ತಾರೆ. ಹೋಗುವುದು ನಿಜ. ಆದರೆ ಒಂದೇ ಪಾತ್ರೆಯ ಊಟದಲ್ಲಿ ಆ ನೀರನ್ನು ನಾವು ಚೆಲ್ಲುವುದಿಲ್ಲ, ಸಾರಾಗಿ ಕುಡಿಯುತ್ತೇವೆ. ನನಗೆ ಈ ಅಡುಗೆ ಇಷ್ಟವಾಗುವುದಕ್ಕೆ ಅದೂ ಒಂದು ಕಾರಣ.

ನೀರು ತರಕಾರಿ ಮುಳುಗುವಷ್ಟು ಬೇಡ. ತರಕಾರಿಯ ಮಟ್ಟಕ್ಕಿಂತ ಒಂದು ಬೆರಳು ಕಡಿಮೆ ಇರಲಿ, ತರಕಾರಿಯೇ ನೀರು ಬಿಡುತ್ತದೆ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡು. ಜೋರಾಗಿ ಕುದಿಸಿದರೆ ಹೋಳುಗಳು ಒಂದಕ್ಕೊಂದು ತಾಗಿ ಮೂಲೆಗಳು ಸವೆದು ಎಲ್ಲ ಗಂಜಿಯಾಗುತ್ತದೆ.

ಎರಡನೆಯವರು

ಅಣ್ಣಾ, ಅಕ್ಕ ಹೇಳಿದ್ದೆಲ್ಲ ಸರಿ. ನಾನು ಹಸಿವಿನ ಬಗ್ಗೆ ಹೇಳುತ್ತೇನೆ. ಬರೀ ತರಕಾರಿ ಮತ್ತು ನೀರು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೇಳೆ ಅಥವಾ ಕಾಳು ಸೇರಲೇಬೇಕು. ಅದರಲ್ಲಿರುವ ಪ್ರೋಟೀನ್ ಮತ್ತು ನಾರು ಎರಡೂ ಸೇರಿ ಹಸಿವನ್ನು ತಡೆಯುತ್ತವೆ.

ವಾರದ ದಿನಗಳಿಗೆ ಕೆಂಪು ಮಸೂರ ಬೇಳೆಯಷ್ಟು ಅನುಕೂಲ ಬೇರೆ ಇಲ್ಲ. ನೆನೆಸುವುದು ಬೇಡ, 15ರಿಂದ 20 ನಿಮಿಷದಲ್ಲಿ ಬೆಂದು ಕರಗಿ ಸಾರನ್ನು ಗಟ್ಟಿ ಮಾಡುತ್ತದೆ. ಹಿಟ್ಟು ಕಲಸಿ ಹಾಕುವ ಕೆಲಸವೇ ಇಲ್ಲ. ಸಿಪ್ಪೆ ಇರುವ ಇಡೀ ಮಸೂರ್ ಆಕಾರ ಉಳಿಸಿಕೊಳ್ಳುತ್ತದೆ, ಸುಮಾರು ಅರ್ಧ ಗಂಟೆ ಬೇಕು. ಕಡಲೆಯನ್ನು ರಾತ್ರಿಯೇ ನೆನೆಸಿಡಿ.

ರಾಜ್ಮಾ ಹಾಕುವುದಾದರೆ ಮಾತ್ರ ದಯವಿಟ್ಟು ಎಚ್ಚರ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ವಿಷದ ಅಂಶ ಇರುತ್ತದೆ. ಅರೆಬೆಂದ ಕಾಳು ಸ್ವಲ್ಪ ತಿಂದರೂ ಕೆಲವೇ ಗಂಟೆಗಳಲ್ಲಿ ಜೋರು ವಾಂತಿ, ಭೇದಿ ಶುರುವಾಗಬಹುದು. ಕಡಿಮೆ ಎಂದರೂ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಕೊತಕೊತ ಕುದಿಸಬೇಕು. ಆಮೇಲೆ ಬೇಕಾದಷ್ಟು ನಿಧಾನವಾಗಿ ಬೇಯಿಸಿಕೊಳ್ಳಿ. ನಿಧಾನವಾಗಿ ಬೇಯಿಸುವ ಎಲೆಕ್ಟ್ರಿಕ್ ಪಾತ್ರೆಗಳು ಕೆಲವು ಸಲ ಅಷ್ಟು ಬಿಸಿಯಾಗುವುದಿಲ್ಲ. ಅದರಲ್ಲಿ ನೆನೆಸಿದ ರಾಜ್ಮಾವನ್ನು ನೇರವಾಗಿ ಹಾಕಲೇಬೇಡಿ. ಡಬ್ಬದಲ್ಲಿ ಬರುವ ರಾಜ್ಮಾ ಈಗಾಗಲೇ ಬೆಂದಿರುತ್ತದೆ, ಅದಕ್ಕೆ ಈ ಭಯ ಇಲ್ಲ.

ಇನ್ನೊಂದು ವಿಷಯ. ಹುಳಿ ಇರುವ ಜಾಗದಲ್ಲಿ ಕಾಳು, ಆಲೂಗಡ್ಡೆ ಬೇಗ ಮೆತ್ತಗಾಗುವುದಿಲ್ಲ. ಟೊಮೆಟೊ, ಹುಣಸೆ, ನಿಂಬೆ ಏನೇ ಇದ್ದರೂ ಅವು ಬೆಂದ ಮೇಲೆಯೇ ಹಾಕಿ. ಬೇಗ ಬೇಯಲಿ ಅಂತ ಅಡುಗೆ ಸೋಡಾ ಹಾಕುವವರಿದ್ದಾರೆ. ಕಾಳು ಮೆತ್ತಗಾಗುತ್ತದೆ ನಿಜ, ಆದರೆ ಬಿ1 ಜೀವಸತ್ವ ಹಾಳಾಗುತ್ತದೆ, ತರಕಾರಿ ಲೋಳೆಯಾಗುತ್ತದೆ. ನನ್ನ ಅಡುಗೆಮನೆಯಲ್ಲಿ ಅದಕ್ಕೆ ಜಾಗ ಇಲ್ಲ.

ಮೂರನೆಯವರು

ಸರ್, ಒಂದು ಚಿಕ್ಕ ಮಾತು. ಈ ಕಾಲದ ತರಕಾರಿಗಳು ಬಹಳಷ್ಟು ಸಿಹಿ. ಕುಂಬಳ, ಸಿಹಿಗೆಣಸು, ಕ್ಯಾರೆಟ್, ಬೀಟ್‌ರೂಟ್ ನಾಲ್ಕನ್ನೂ ಒಟ್ಟಿಗೆ ಹಾಕಿದರೆ ಎಷ್ಟು ಉಪ್ಪು ಹಾಕಿದರೂ ಊಟ ಪಾಯಸದ ಕಡೆಗೇ ವಾಲುತ್ತದೆ. ಅವುಗಳಲ್ಲಿ ಎರಡನ್ನು ಆರಿಸಿಕೊಳ್ಳಿ. ಜೊತೆಗೆ ಸಿಹಿ ಇಲ್ಲದ್ದು ಒಂದೆರಡು ಇರಲಿ. ಎಲೆಕೋಸು, ಅಣಬೆ, ಸ್ವಲ್ಪ ಕಹಿ ಇರುವ ಯಾವುದಾದರೂ ಸೊಪ್ಪು. ಸಪ್ಪೆ ಅನ್ನಿಸಿದರೆ ತಕ್ಷಣ ಉಪ್ಪಿಗೆ ಕೈ ಹಾಕಬೇಡಿ, ಮೊದಲು ನಾಲ್ಕು ಹನಿ ನಿಂಬೆರಸ ಹಾಕಿ ನೋಡಿ. ಬಹಳ ಸಲ ಕೊರತೆ ಇರುವುದು ಹುಳಿಯದ್ದು. ಬಡಿಸುವ ಮುಂಚೆ ಬಿಸಿ ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹುರಿದು ಮೇಲೆ ಸುರಿದರೆ ಇಡೀ ಪಾತ್ರೆಗೆ ಜೀವ ಬರುತ್ತದೆ. ಬೀಟ್‌ರೂಟ್ ಹಾಕಿದರೆ ಎಲ್ಲವೂ ಒಂದೇ ಬಣ್ಣ ಆಗುತ್ತದೆ ಅನ್ನುವುದೂ ನೆನಪಿರಲಿ.

ನಾಲ್ಕನೆಯವರು

ನಾನು ಕೆಲಸ ಮುಗಿಸಿ ಬರುವುದೇ ತಡ. ಒಂದು ಗಂಟೆ ಒಲೆ ಮುಂದೆ ನಿಲ್ಲಲು ಆಗುವುದಿಲ್ಲ. ಹಾಗಾಗಿ ಪ್ರೆಶರ್ ಕುಕ್ಕರ್ ಬಳಸುತ್ತೇನೆ. ಒಳಗೆ ಶಾಖ ಸುಮಾರು 120 ಡಿಗ್ರಿವರೆಗೆ ಏರುತ್ತದೆ, ಅದಕ್ಕೇ ಕಾಳು ಅಷ್ಟು ಬೇಗ ಬೇಯುತ್ತದೆ. ಆದರೆ ಅದೇ ಶಾಖ ಹೂಕೋಸು, ಕುಂಬಳವನ್ನು ಉಳಿಸುವುದಿಲ್ಲ. ನಾನು ಎರಡು ಹಂತದಲ್ಲಿ ಮಾಡುತ್ತೇನೆ. ಈರುಳ್ಳಿ ಹುರಿದು, ನೆನೆಸಿದ ಕಡಲೆ ಮತ್ತು ನೀರು ಹಾಕಿ ಮುಚ್ಚುತ್ತೇನೆ. ಮೊದಲ ಕೂಗು ಬಂದ ಮೇಲೆ ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ. ಅಷ್ಟರಲ್ಲಿ ತರಕಾರಿ ಹೆಚ್ಚುವುದು ಮುಗಿಯುತ್ತದೆ. ಪ್ರೆಶರ್ ಪೂರ್ತಿ ಇಳಿದ ಮೇಲೆ ಮುಚ್ಚಳ ತೆಗೆದು, ತರಕಾರಿ ಹಾಕಿ, ಮುಚ್ಚಳ ಬಿಗಿ ಮಾಡದೆ ಬೇಯಿಸುತ್ತೇನೆ. ತೊಳೆಯಲಿಕ್ಕೆ ಕುಕ್ಕರ್ ಒಂದೇ. ಬೇಳೆ, ಕಾಳು ಬೇಯಿಸುವಾಗ ಕುಕ್ಕರ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ನೊರೆ ಮೇಲೆ ಬಂದು ವಿಶಲ್ ದಾರಿ ಕಟ್ಟಿಕೊಳ್ಳಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕಾ, ನಾಲ್ಕು ಜನರಿಗೆ ಆಗುವ ಒಂದು ಅಳತೆ ಪೂರ್ತಿಯಾಗಿ ಬರೆದುಕೊಡಿ. ಮಕ್ಕಳು ಸೊಪ್ಪನ್ನು ಆರಿಸಿ ತಟ್ಟೆ ಬದಿಗೆ ಇಡುತ್ತಾರೆ, ಅದಕ್ಕೆ ಏನಾದರೂ ದಾರಿ ಇದೆಯಾ? ಹಾಗೇ ಉಳಿದರೆ ಎಷ್ಟು ದಿನ ಇಡಬಹುದು ಅಂತಲೂ ಯಾರಾದರೂ ಹೇಳಿ.

ಎರಡನೆಯವರು

ಉಳಿದದ್ದನ್ನು ರಾತ್ರಿಯಿಡೀ ಒಲೆ ಮೇಲೆ ಬಿಡಬೇಡಿ ಅಣ್ಣಾ, ಚಳಿ ಇದೆ ಅಂದರೂ ಬೇಡ. ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಬೇಕು. ದೊಡ್ಡ ಪಾತ್ರೆ ಸಮೇತ ಇಟ್ಟರೆ ನಡುಭಾಗ ತಣ್ಣಗಾಗಲು ಬಹಳ ಹೊತ್ತು ಹಿಡಿಯುತ್ತದೆ, ಆಳ ಕಡಿಮೆ ಇರುವ ಡಬ್ಬಗಳಿಗೆ ಹಂಚಿ. ಮೂರು ನಾಲ್ಕು ದಿನ ಇರುತ್ತದೆ. ಅನ್ನ ಸೇರಿಸಿದ್ದರೆ ಇನ್ನೂ ಎಚ್ಚರ ಬೇಕು. ಅಕ್ಕಿಯಲ್ಲಿರುವ ಒಂದು ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದರೂ ಸಾಯುವುದಿಲ್ಲ, ಅನ್ನ ಹೊರಗೆ ಉಳಿದರೆ ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ.

ಫ್ರೀಜರ್‌ನಲ್ಲಿ ಇಡುವ ಯೋಚನೆ ಇದ್ದರೆ ಆಲೂಗಡ್ಡೆ ಬಿಟ್ಟು ಮಾಡಿ. ಕರಗಿದಾಗ ಅದು ಹಿಟ್ಟುಹಿಟ್ಟಾಗಿ ನೀರು ಬಿಡುತ್ತದೆ. ಬೇಳೆ, ಕುಂಬಳ, ಕ್ಯಾರೆಟ್ ಚೆನ್ನಾಗಿ ಉಳಿಯುತ್ತವೆ. ಮರುದಿನ ಸಾರು ಗಟ್ಟಿಯಾಗಿರುತ್ತದೆ, ಬಿಸಿ ನೀರು ಸೇರಿಸಿ ಚೆನ್ನಾಗಿ ಕುದಿ ಬರಿಸಿ.

ಮೊದಲು ಉತ್ತರ ಕೊಟ್ಟವರು

ಬರೆದುಕೋ ತಮ್ಮಾ. ಈರುಳ್ಳಿ 2, ಬೆಳ್ಳುಳ್ಳಿ 6 ಎಸಳು, ಹೆಬ್ಬೆರಳಿನಷ್ಟು ಶುಂಠಿ, ಕ್ಯಾರೆಟ್ 3, ಆಲೂಗಡ್ಡೆ 2, ಸಿಹಿಕುಂಬಳ ಅರ್ಧ ಕಿಲೋ, ಸಣ್ಣ ಎಲೆಕೋಸಿನ ಕಾಲು ಭಾಗ, ಟೊಮೆಟೊ 3, ಪಾಲಕ್ ಒಂದು ಕಟ್ಟು. ಕೆಂಪು ಮಸೂರ ಬೇಳೆ 1 ಕಪ್, ಬೇಯಿಸಿದ ಕಡಲೆ ಒಂದೂವರೆ ಕಪ್. ಬಿಸಿ ನೀರು ಒಂದೂಕಾಲು ಲೀಟರ್ ಪಕ್ಕದಲ್ಲಿ ಇಟ್ಟುಕೋ. ಪಾತ್ರೆ 5 ಲೀಟರ್‌ನದ್ದಾದರೆ ನಿರಾಳ.

ಎಣ್ಣೆಯಲ್ಲಿ ಈರುಳ್ಳಿ 10 ನಿಮಿಷ ಹುರಿ. ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಒಂದು ಚಮಚ ಜೀರಿಗೆ ಪುಡಿ, ಖಾರಕ್ಕೆ ನಿಮ್ಮ ಮನೆಗೆ ಒಗ್ಗುವಷ್ಟು. ಒಂದು ನಿಮಿಷ ಸಾಕು, ಬೆಳ್ಳುಳ್ಳಿ ಸೀಯಬಾರದು. ಕ್ಯಾರೆಟ್ ಹಾಕಿ ಐದು ನಿಮಿಷ ತಿರುವು. ಈಗ ತೊಳೆದ ಬೇಳೆ ಮತ್ತು ಬಿಸಿ ನೀರು. ಹತ್ತು ನಿಮಿಷಕ್ಕೆ ಆಲೂಗಡ್ಡೆ, ಅದಾಗಿ ಐದು ನಿಮಿಷಕ್ಕೆ ಕುಂಬಳ ಮತ್ತು ಕಡಲೆ. ಮತ್ತೆ ಹತ್ತು ನಿಮಿಷ ಬಿಟ್ಟು ಆಲೂಗಡ್ಡೆಗೆ ಚಾಕು ಚುಚ್ಚಿ ನೋಡು. ಸಲೀಸಾಗಿ ಹೋದರೆ ಮಾತ್ರ ಟೊಮೆಟೊ ಹಾಕು, ಎಲೆಕೋಸೂ ಆಗಲೇ. ಇನ್ನೊಂದು ಹತ್ತು ನಿಮಿಷ ಬಿಟ್ಟು ಸೊಪ್ಪು. ಬೇಳೆ ತಳ ಹಿಡಿಯುವ ಸ್ವಭಾವದ್ದು, ಆಗಾಗ ಸೌಟು ತಳದವರೆಗೂ ಹೋಗಬೇಕು.

ಉಪ್ಪನ್ನು ಅರ್ಧ ಮೊದಲು, ಅರ್ಧ ಕೊನೆಗೆ ಹಾಕು. ಒಲೆ ಆರಿಸಿ ನಿಂಬೆ ಹಿಂಡಿ, ಮುಚ್ಚಿ 10 ನಿಮಿಷ ಬಿಡು. ಈ ಹತ್ತು ನಿಮಿಷವನ್ನು ಉಳಿಸಲು ಹೋಗಬೇಡ, ಸಾರು ಗಟ್ಟಿಯಾಗುವುದೂ ರುಚಿ ಹೊಂದಿಕೊಳ್ಳುವುದೂ ಆಗಲೇ. ಇನ್ನೂ ನೀರಾಗಿದ್ದರೆ ನಾಲ್ಕಾರು ಹೋಳು ಕುಂಬಳ, ಆಲೂಗಡ್ಡೆಯನ್ನು ಪಾತ್ರೆಯ ಪಕ್ಕಕ್ಕೆ ಒತ್ತಿ ಮಸೆದುಬಿಡು.

ಮಕ್ಕಳ ವಿಷಯಕ್ಕೆ, ಸೊಪ್ಪನ್ನು ತುಂಬಾ ಸಣ್ಣಗೆ ಹೆಚ್ಚು. ಉದ್ದ ಎಲೆ ಚಮಚದಿಂದ ಜೋತುಬಿದ್ದರೆ ಮಕ್ಕಳಿಗೆ ಹಿಡಿಸುವುದಿಲ್ಲ. ಬೇಳೆಯಲ್ಲಿ ಬೆರೆತ ಸಣ್ಣ ಚೂರನ್ನು ಆರಿಸುವುದೂ ಕಷ್ಟ ಅಲ್ವಾ. ಖಾರವನ್ನು ಪಾತ್ರೆಗೆ ಕಡಿಮೆ ಹಾಕಿ, ದೊಡ್ಡವರ ತಟ್ಟೆಗೆ ಮೇಲಿಂದ ಹಾಕಿಕೊಳ್ಳಿ.

ಅನ್ನ, ಬ್ರೆಡ್ ಪಕ್ಕದಲ್ಲಿ ಇಲ್ಲದ ದಿನ ಅರ್ಧ ಕಪ್ ಬಾರ್ಲಿಯನ್ನು ಮಧ್ಯಾಹ್ನವೇ ನೆನೆಸಿಟ್ಟು ಬೇಳೆಯ ಜೊತೆಗೇ ಹಾಕು. ಅದು ನೀರು ಚೆನ್ನಾಗಿ ಕುಡಿಯುತ್ತದೆ, ಎರಡು ಕಪ್ ಬಿಸಿ ನೀರು ಜಾಸ್ತಿ ಇಟ್ಟುಕೊಂಡಿರು.