ಶಟ್‌ಡೌನ್ ಹೊತ್ತಿಗೆ ಕರ್ನಲ್ ಪ್ಯಾನಿಕ್, ಲಾಗ್‌ನಲ್ಲಿ ಮಾತ್ರ ಏನೂ ಇಲ್ಲ

ಪ್ರಶ್ನೆ: ಸರ್, ನನ್ನ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದೆ. ದಿನವಿಡೀ ಕೆಲಸ ಮಾಡಿದರೂ ತೊಂದರೆ ಇಲ್ಲ. ಶಟ್‌ಡೌನ್ ಕೊಟ್ಟಾಗ ಮಾತ್ರ ಕೆಲವೊಮ್ಮೆ ಪರದೆ ತುಂಬ ಅಕ್ಷರ ಬಂದು, ಕ್ಯಾಪ್ಸ್ ಲಾಕ್ ದೀಪ ಮಿನುಗುತ್ತಾ ಅಲ್ಲೇ ನಿಂತುಬಿಡುತ್ತದೆ. ರೀಸ್ಟಾರ್ಟ್ ಕೊಟ್ಟಾಗಲೂ ಹೀಗೇ. ಮತ್ತೆ ಆನ್ ಮಾಡಿ ಹಿಂದಿನ ಬೂಟ್‌ನ ಲಾಗ್ ತೆಗೆದರೆ ಕರ್ನಲ್ ಪ್ಯಾನಿಕ್ (ಓಎಸ್‌ನ ತಿರುಳಾದ ಕರ್ನಲ್ ಮುಂದುವರಿಯಲಾಗದೆ ನಿಂತುಬಿಡುವುದು) ಬಗ್ಗೆ ಒಂದು ಸಾಲೂ ಸಿಗುವುದಿಲ್ಲ. ರ‍್ಯಾಮ್ ಹೋಗಿದೆ, ಓಎಸ್ ಹೊಸದಾಗಿ ಹಾಕು ಅಂತಾರೆ ಸ್ನೇಹಿತರು. ಎಲ್ಲಿಂದ ಹುಡುಕಲಿ?

ಉತ್ತರ: ದಯವಿಟ್ಟು ಓಎಸ್ ಅಳಿಸಬೇಡಿ, ಇರುವ ಸುಳಿವೂ ಹೋಗುತ್ತದೆ. ರ‍್ಯಾಮ್ ಕೆಟ್ಟಿದ್ದರೆ ಕೆಲಸದ ನಡುವೆಯೂ ಎಲ್ಲಾದರೂ ತೊಂದರೆ ಕೊಡುತ್ತಿತ್ತು. ಯಾವಾಗಲೂ ಶಟ್‌ಡೌನ್‌ನಲ್ಲೇ ಅಂದರೆ ನನ್ನ ಅನುಮಾನ ಮೊದಲು ಯಾವುದೋ ಡ್ರೈವರ್ ಮೇಲೆ, ಅಂದರೆ ಒಂದು ಸಾಧನವನ್ನು ನಡೆಸುವ ಕೋಡ್ ಮೇಲೆ.

ಲಾಗ್ ಖಾಲಿ ಇರುವುದು ಸಹಜ. ಕರ್ನಲ್ ಸಾಧನಗಳನ್ನು ಒಂದೊಂದಾಗಿ ನಿಲ್ಲಿಸುವ ಹೊತ್ತಿಗೆ ಲಾಗ್ ಬರೆಯುವ ಸೇವೆ ನಿಂತಿರುತ್ತದೆ, ಡಿಸ್ಕ್ ಅನ್‌ಮೌಂಟ್ ಆಗಿರುತ್ತದೆ ಇಲ್ಲವೇ ಓದಲು ಮಾತ್ರ ತೆರೆದಿರುತ್ತದೆ. ಹಾಗಾಗಿ ಆ ಸಾಲುಗಳನ್ನು ಡಿಸ್ಕ್ ಬಿಟ್ಟು ಬೇರೆ ಕಡೆ ಹಿಡಿಯಬೇಕು.

ಬೂಟ್ ಆಯ್ಕೆಗಳಲ್ಲಿ ಸಂದೇಶ ಮರೆಮಾಡುವ 'ಕ್ವಯಟ್', 'ಸ್ಪ್ಲಾಶ್' ತೆಗೆದು, ಎಲ್ಲ ಸಂದೇಶ ತೋರಿಸುವ 'ಇಗ್ನೋರ್_ಲಾಗ್‌ಲೆವೆಲ್', 'ಇನಿಟ್‌ಕಾಲ್_ಡೀಬಗ್' ಸೇರಿಸಿ. ಎರಡನೆಯದು ಬೂಟ್‌ಗೆ ಮಾತ್ರ ಅಂದುಕೊಂಡವರು ಜಾಸ್ತಿ, ಆದರೆ ಅದು ಶಟ್‌ಡೌನ್‌ನಲ್ಲೂ ಯಾವ ಸಾಧನದ ಸರದಿ ಬಂತು ಅಂತ ಹೆಸರು ಹಿಡಿದು ಬರೆಯುತ್ತದೆ. ಆಮೇಲೆ ಫೋನ್‌ನಲ್ಲಿ ಪರದೆಯ ವಿಡಿಯೋ ತೆಗೆಯಿರಿ, ಫೋಟೋ ಅಲ್ಲ, ಯಾಕಂದರೆ ಮುಖ್ಯವಾದ ಮೊದಲ ಸಾಲುಗಳು ಮೇಲೆ ಸರಿದು ಹೋಗಿರುತ್ತವೆ. ಜೊತೆಗೆ ಪಿಸ್ಟೋರ್ ನೋಡಿ. ಪ್ಯಾನಿಕ್ ಆದಾಗ ಕೊನೆಯ ಸಂದೇಶಗಳನ್ನು ಯುಇಎಫ್‌ಐ ಫರ್ಮ್‌ವೇರ್‌ನ ಮೆಮೊರಿಯಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ ಅದು. ಮುಂದಿನ ಬೂಟ್‌ನಲ್ಲಿ ಸಿಸ್ಟಮ್‌ಡಿ ಅದನ್ನು ತನ್ನ ಪಿಸ್ಟೋರ್ ಫೋಲ್ಡರ್‌ಗೆ ತಂದು ಹಾಕುತ್ತದೆ. ಕೆಲವು ಡಿಸ್ಟ್ರೋಗಳಲ್ಲಿ ಇದು ಆಫ್ ಇರುತ್ತದೆ, ಆನ್ ಮಾಡಿಕೊಳ್ಳಿ. ಕೆಡಂಪ್ (ಪ್ಯಾನಿಕ್ ಆದಾಗ ಎರಡನೇ ಕರ್ನಲ್ ಎಬ್ಬಿಸಿ ಮೆಮೊರಿಯ ಪ್ರತಿ ಉಳಿಸುವ ಸೇವೆ) ಇದ್ದರೂ ಅದನ್ನೇ ನಂಬಿ ಕೂರಬೇಡಿ, ಶಟ್‌ಡೌನ್ ಶುರುವಾದಾಗ ಆ ಸೇವೆಯೂ ನಿಂತು ತನ್ನ ಕ್ರ್ಯಾಶ್ ಕರ್ನಲ್ಲನ್ನು ಇಳಿಸಿಬಿಟ್ಟಿರಬಹುದು.

ಮರುಪ್ರಶ್ನೆ: ವಿಡಿಯೋದಲ್ಲಿ ಸಿಕ್ಕಿತು ಸರ್! 'ನಲ್ ಪಾಯಿಂಟರ್ ಡಿರೆಫರೆನ್ಸ್, ಅಡ್ರೆಸ್ 28' ಅಂತ ಇದೆ, 28ರ ಮುಂದೆ ಬರೀ ಸೊನ್ನೆಗಳು. ಆರ್‌ಐಪಿ (ಬಿದ್ದಾಗ ಓಡುತ್ತಿದ್ದ ಕೋಡ್‌ನ ಜಾಗ) ಸಾಲಿನ ಕೊನೆಗೆ ಚೌಕ ಆವರಣದಲ್ಲಿ, ನಾನೇ ಬೇರೆ ಕಡೆಯಿಂದ ತಂದು ಹಾಕಿದ ತಾಪಮಾನ ನೋಡುವ ಮಾಡ್ಯೂಲ್‌ನ (ಕರ್ನಲ್‌ಗೆ ಸೇರಿಸುವ ಡ್ರೈವರ್) ಹೆಸರಿದೆ. 'ವರ್ಕ್‌ಕ್ಯೂ: ಈವೆಂಟ್ಸ್' ಅಂತಲೂ ಇದೆ. ಆದರೆ ಅದಕ್ಕಿಂತ ಮುಂಚಿನ ಶಟ್‌ಡೌನ್ ಸಾಲಿನಲ್ಲಿ ಇರುವುದು ಐ2ಸಿ ಕಂಟ್ರೋಲರ್ (ಸೆನ್ಸರ್‌ನಂಥ ಸಣ್ಣ ಚಿಪ್‌ಗಳ ಜೊತೆ ಮಾತಾಡುವ ಸಾಧನ). ತಪ್ಪು ಕಂಟ್ರೋಲರ್‌ದಾ?

ಉತ್ತರ: ತುಂಬ ಒಳ್ಳೆಯ ವಿಡಿಯೋ, ಬೇಕಾದ್ದೆಲ್ಲ ಇದೆ. ಕಂಟ್ರೋಲರ್ ಸುಮ್ನೆ ತನ್ನ ಸರದಿ ಬಂತು ಅಂತ ನಿಂತಿದೆ. ಕೊನೆಯ ಸಾಲಿನಲ್ಲಿ ಹೆಸರು ಬಂದ ಮಾತ್ರಕ್ಕೆ ಅದು ತಪ್ಪಿತಸ್ಥ ಅಲ್ಲ.

'ವರ್ಕ್‌ಕ್ಯೂ' ಅನ್ನುವ ಮಾತೇ ಇಲ್ಲಿ ದೊಡ್ಡ ಸುಳಿವು, ಅದು ಕರ್ನಲ್‌ನ ಹಿನ್ನೆಲೆ ಕೆಲಸಗಳ ಸಾಲು. ಬಿದ್ದಿದ್ದು ಶಟ್‌ಡೌನ್ ಮಾಡುತ್ತಿದ್ದ ಕೋಡ್ ಅಲ್ಲ, ಹಿನ್ನೆಲೆಯಲ್ಲಿ ಆಗಾಗ ಎದ್ದು ಸೆನ್ಸರ್ ಓದುವ ಕೆಲಸ. ಡ್ರೈವರ್ ಬರೆಯುವವರು ಆ ಕೆಲಸ ನಿಲ್ಲಿಸುವ ಕೋಡನ್ನು ಸಾಮಾನ್ಯವಾಗಿ 'ರಿಮೂವ್' ಫಂಕ್ಷನ್‌ನಲ್ಲಿ ಇಡುತ್ತಾರೆ. ಮಾಡ್ಯೂಲ್ ಇಳಿಸಿದಾಗ ಅದು ಓಡುತ್ತದೆ. ಆದರೆ ಶಟ್‌ಡೌನ್‌ನಲ್ಲಿ ಕರ್ನಲ್ 'ರಿಮೂವ್' ಕರೆಯುವುದೇ ಇಲ್ಲ, 'ಶಟ್‌ಡೌನ್' ಫಂಕ್ಷನ್ ಇದ್ದರೆ ಅದನ್ನು ಮಾತ್ರ ಕರೆಯುತ್ತದೆ. ನಿಮ್ಮ ಮಾಡ್ಯೂಲ್‌ನಲ್ಲಿ ಅದು ಇರಲಿಕ್ಕಿಲ್ಲ. ಸಾಧನಗಳು ಸೇರಿದ ಕ್ರಮಕ್ಕೆ ಉಲ್ಟಾ ನಿಲ್ಲುತ್ತವೆ, ಅಂದರೆ ಸೆನ್ಸರ್‌ನ ಸರದಿ ಮೊದಲೇ ಬಂದು ಏನೂ ಆಗದೆ ಹೋಯಿತು, ಆಮೇಲೆ ಅದು ನಂಬಿಕೊಂಡಿದ್ದ ಕಂಟ್ರೋಲರ್ ನಿಂತಿತು, ಅಷ್ಟರಲ್ಲಿ ಸೆನ್ಸರ್ ಓದುವ ಕೆಲಸ ಮತ್ತೆ ಎದ್ದಿತು. ದೀಪ ಆರಿಸಿ ಬಾಗಿಲು ಹಾಕಿದ ಮೇಲೂ ಒಳಗೆ ಒಬ್ಬರು ಕೆಲಸ ಮಾಡುತ್ತಿದ್ದ ಹಾಗೆ. ಆ ಸಣ್ಣ ಅವಧಿಯಲ್ಲೇ ಎದ್ದರೆ ಪ್ಯಾನಿಕ್, ಇಲ್ಲವಾದರೆ ಇಲ್ಲ. ಅದಕ್ಕೇ 'ಕೆಲವೊಮ್ಮೆ'.

28 ಹೆಕ್ಸ್ (16ರ ಆಧಾರದ) ಸಂಖ್ಯೆ, ಅಂದರೆ 40. ಖಾಲಿ ಪಾಯಿಂಟರ್ (ಎಲ್ಲಿಗೂ ತೋರಿಸದ ಮೆಮೊರಿ ವಿಳಾಸ) ಹಿಡಿದು, ಆ ಸ್ಟ್ರಕ್ಚರ್‌ನಲ್ಲಿ 40 ಬೈಟ್ ಆಚೆ ಇರುವ ಫೀಲ್ಡನ್ನು ಮುಟ್ಟಲು ಹೋಗಿದೆ. ಕರ್ನಲ್ ಸೋರ್ಸ್ ಜೊತೆ ಬರುವ 'ಡಿಕೋಡ್_ಸ್ಟ್ಯಾಕ್‌ಟ್ರೇಸ್' ಸ್ಕ್ರಿಪ್ಟ್‌ಗೆ ಈ ಟ್ರೇಸ್ (ಪ್ಯಾನಿಕ್‌ನಲ್ಲಿ ಬಂದ ಸಾಲುಗಳು) ಕೊಟ್ಟರೆ, ಡೀಬಗ್ ಮಾಹಿತಿ ಇದ್ದಲ್ಲಿ, ಕೋಡ್‌ನ ಯಾವ ಸಾಲು ಅಂತ ಹೇಳುತ್ತದೆ.

ಈಗ ಅನುಮಾನ ಪರೀಕ್ಷಿಸಿ. ಶಟ್‌ಡೌನ್‌ಗೆ ಮೊದಲು ಕೈಯಿಂದಲೇ ಮಾಡ್ಯೂಲ್ ಇಳಿಸಿ. ಒಮ್ಮೆ ಸರಿಯಾಗಿ ಆರಿತು ಅಂತ ನಿಲ್ಲಿಸಬೇಡಿ, ಅಪರೂಪಕ್ಕೆ ಬರುವ ದೋಷ ಇದು, ತುಂಬ ಸಲ ನೋಡಬೇಕು. ಸರಿ ಅನಿಸಿದರೆ ಮಾಡ್ಯೂಲ್ ಬರೆದವರಿಗೆ ಟ್ರೇಸ್, ಕರ್ನಲ್ ಆವೃತ್ತಿ ಎರಡೂ ಕಳಿಸಿ. ಅವರು ಶಟ್‌ಡೌನ್ ಫಂಕ್ಷನ್ ಸೇರಿಸಿ ಅದರಲ್ಲಿ 'ಕ್ಯಾನ್ಸಲ್_ಡಿಲೇಡ್_ವರ್ಕ್_ಸಿಂಕ್' ಕರೆಯಬೇಕು. 'ಸಿಂಕ್' ಇಲ್ಲದ್ದು ಸಾಲದು, ಅದು ಆಗಲೇ ಓಡುತ್ತಿರುವ ಕೆಲಸ ಮುಗಿಯುವವರೆಗೆ ಕಾಯುವುದಿಲ್ಲ. ಅಲ್ಲಿಯವರೆಗೆ ಮಾಡ್ಯೂಲನ್ನು ತಾನಾಗಿ ಲೋಡ್ ಆಗದಂತೆ ಬ್ಲ್ಯಾಕ್‌ಲಿಸ್ಟ್‌ಗೆ ಹಾಕಿಡಿ.

ಇನ್ನೊಬ್ಬ ಸದಸ್ಯರು: ನನಗೂ ಶಟ್‌ಡೌನ್‌ನಲ್ಲೇ ಪ್ಯಾನಿಕ್, ಆದರೆ 'ಅಟೆಂಪ್ಟೆಡ್ ಟು ಕಿಲ್ ಇನಿಟ್', ಎಕ್ಸಿಟ್‌ಕೋಡ್ ಕೊನೆಯಲ್ಲಿ 7 ಅಂತ ಬರುತ್ತದೆ. ನಾನೂ ಡ್ರೈವರ್ ತೆಗೆಯಲಾ?

ಉತ್ತರ: ಬೇಡ, ನಿಮ್ಮದು ಬೇರೆ ಕಥೆ. ಇಲ್ಲಿ ಮೊದಲು ಸತ್ತಿದ್ದು 1ನೇ ನಂಬರಿನ ಪ್ರಕ್ರಿಯೆ, ಅಂದರೆ ಇನಿಟ್, ಅದು ಸತ್ತರೆ ಕರ್ನಲ್ ಪ್ಯಾನಿಕ್ ಆಗಲೇಬೇಕು. ಎಕ್ಸಿಟ್‌ಕೋಡ್‌ನ 7 ಅಂದರೆ ಸಿಗ್‌ಬಸ್ ಸಿಗ್ನಲ್. ಪ್ರೋಗ್ರಾಂನ ಒಂದು ಪುಟವನ್ನು ಡಿಸ್ಕ್‌ನಿಂದ ಓದಲು ಹೋದಾಗ ಡಿಸ್ಕ್ ಸಿಗದಿದ್ದರೆ ಹೀಗಾಗುತ್ತದೆ. ಕೋಡ್‌ನ ಕೊನೆಗೆ ಬಿ ಅಂತ ಇದ್ದಿದ್ದರೆ ಅದು 11, ಸೆಗ್‌ಫಾಲ್ಟ್ (ತನ್ನದಲ್ಲದ ಮೆಮೊರಿ ಮುಟ್ಟಿದ್ದು). ನಿಮ್ಮ ರೂಟ್ ಫೈಲ್‌ಸಿಸ್ಟಮ್ (ಓಎಸ್ ಇರುವ ಮುಖ್ಯ ಭಾಗ) ಯುಎಸ್‌ಬಿ ಡಿಸ್ಕ್‌ನಲ್ಲಿ ಅಥವಾ ನೆಟ್‌ವರ್ಕ್ ಮೇಲೆ ಇದೆಯಾ? ಇದ್ದರೆ ಪ್ಯಾನಿಕ್‌ಗೆ ಸ್ವಲ್ಪ ಮೇಲೆ ಐ/ಓ ಎರರ್ ಅಥವಾ ಡಿಸ್ಕನೆಕ್ಟ್ ಸಾಲು ಇರಬೇಕು, ಅದನ್ನು ಇಲ್ಲಿ ಹಾಕಿ.